ಕಲ್ಯಾಣದ ಸೀಮೆ: ಪ್ರತಿರೋಧದ ಮಾತು ಮತ್ತು ನಿಷೇಧ

ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ ಸೀಮೆಯಲ್ಲಿ ಮಾತಿಗೂ ಪ್ರಭುತ್ವಕ್ಕೂ ನಡೆದ ತಿಕ್ಕಾಟ 12ನೆಯ ಶತಮಾನದಷ್ಟು ಹಳೆಯದು. ದೊರೆ ಬಿಜ್ಜಳನ ಕಾಲದ ಕಲ್ಯಾಣದಲ್ಲಿ ಅಂಬಿಗರು, ಮಾದಾರರು, ಮಡಿವಾಳರು ಶರಣರಾಗಿ ವಚನ ನುಡಿದು ಜಾತಿಯನ್ನು ಆಡುನುಡಿಯಲ್ಲೇ ಪ್ರಶ್ನಿಸಿದರು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಬೀಗರಿಬ್ಬರಿಗೂ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆ ಶಿಕ್ಷೆಯಾಯಿತೆಂದೂ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದರೆಂದೂ ಪರಂಪರೆ ಹೇಳುತ್ತದೆ. ಮಠ ಮನೆಗಳಲ್ಲಿ ಉಳಿದಿದ್ದ ಓಲೆಗರಿಗಳನ್ನು ಹುಡುಕಿ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟಿಸಿದರು.

ಆಗ ಈ ಸೀಮೆ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1920ರ ದಶಕದ ‘ಗಸ್ತಿ 53’ ಎಂಬ ಆದೇಶದಿಂದಾಗಿ ಅನುಮತಿಯಿಲ್ಲದೆ ಸಭೆ ನಡೆಸುವಂತಿರಲಿಲ್ಲ. ನೆರೆಯ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ್ದನ್ನು ಈ ಭಾಗದ ಜನ ಇಂದಿಗೂ ನೆನೆಯುತ್ತಾರೆ. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಕೊನೆಗೊಂಡಿತು.

ಸ್ವಾತಂತ್ರ್ಯಾನಂತರ ಕಲ್ಯಾಣದ ಕಥೆಯೇ ವಿವಾದದ ವಸ್ತುವಾಯಿತು. ಲಂಕೇಶರ ‘ಸಂಕ್ರಾಂತಿ’, ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’, ಗಿರೀಶ ಕಾರ್ನಾಡರ ‘ತಲೆದಂಡ’ ಶರಣಕ್ರಾಂತಿಯನ್ನು ಇಂದಿನ ರಾಜಕೀಯದ ಕಣ್ಣಿನಿಂದ ಕಂಡ ನಾಟಕಗಳು. ಪಠ್ಯವಾಗಿದ್ದ ‘ಮಹಾಚೈತ್ರ’ದ ವಿರುದ್ಧ 1990ರ ದಶಕದ ಮಧ್ಯದಲ್ಲಿ ನಿಷೇಧದ ಕೂಗೆದ್ದಿತು. ಪಿ.ವಿ. ನಾರಾಯಣರ ‘ಧರ್ಮಕಾರಣ’ ಕಾದಂಬರಿಗೆ ಅದಕ್ಕಿಂತ ಕಠಿಣ ಗತಿ ಒದಗಿತು. ಶರಣರಾದ ಅಕ್ಕನಾಗಮ್ಮ, ಚನ್ನಬಸವಣ್ಣನವರ ಕುರಿತ ಭಾಗಗಳು ಭಾವನೆಗಳಿಗೆ ಧಕ್ಕೆ ತರುತ್ತವೆಂದು ರಾಜ್ಯ ಸರ್ಕಾರ 1997ರಲ್ಲಿ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. 2007ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ವಚನಗಳ ಅಂಕಿತ ಬದಲಿಸಿದ್ದ ಮಾತೆ ಮಹಾದೇವಿಯವರ ‘ಬಸವ ವಚನ ದೀಪ್ತಿ’ಗೆ 1998ರಲ್ಲಿ ವಿಧಿಸಿದ ನಿಷೇಧವೂ 2017ರಲ್ಲಿ ಅಲ್ಲೇ ಊರ್ಜಿತವಾಯಿತು. ಎರಡೂ ಪ್ರಕರಣಗಳಲ್ಲಿ ಸರ್ಕಾರದ ಕೈ ಹಿಡಿದು ನಡೆಸಿದ್ದು ಶರಣರನ್ನು ಪೂಜಿಸುವವರದೇ ಒತ್ತಡ. ಪ್ರಶ್ನೆಗೆ ಪೀಠ ಹಾಕಿಕೊಟ್ಟ, ಶರಣರ ಚರ್ಚಾಕೂಟವಾದ ಅನುಭವ ಮಂಟಪದ ವಾರಸುದಾರರು ಪುಸ್ತಕಕ್ಕೆ ಪುಸ್ತಕದಿಂದಲೇ ಉತ್ತರಿಸಬೇಕಿತ್ತು.

ಇನ್ನೊಂದು ಪ್ರಕರಣ ಜಿಲ್ಲಾ ಕೇಂದ್ರವಾದ ಬೀದರದ್ದು. 2020ರ ಜನವರಿಯಲ್ಲಿ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯನ್ನು ಟೀಕಿಸುವ ನಾಟಕ ಆಡಿದರು. ಪೊಲೀಸರು ರಾಜದ್ರೋಹದ ಪ್ರಕರಣ ದಾಖಲಿಸಿ, ಮಕ್ಕಳನ್ನು ಮತ್ತೆ ಮತ್ತೆ ವಿಚಾರಿಸಿ, ಮುಖ್ಯ ಶಿಕ್ಷಕಿಯನ್ನೂ ಒಬ್ಬ ವಿದ್ಯಾರ್ಥಿನಿಯ ತಾಯಿಯನ್ನೂ ಬಂಧಿಸಿದರು. ಇಬ್ಬರಿಗೂ ಫೆಬ್ರವರಿಯಲ್ಲಿ ಜಾಮೀನು ದೊರೆಯಿತು. ಶಾಲೆಯ ಆಡಳಿತ ಮಂಡಳಿಯವರ ಮೇಲಿನ ಪ್ರಕರಣವನ್ನು ಹೈಕೋರ್ಟಿನ ಕಲಬುರಗಿ ಪೀಠ 2023ರ ಜೂನ್‌ನಲ್ಲಿ ರದ್ದುಪಡಿಸಿತು.