ಲಿಂಗರಾಜ ಕಾಲೇಜಿನ ಉದಯ

ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮೀಸಲಿಟ್ಟರು. ಆದರೆ ಧನವಿದ್ದೊಡನೆಯೇ ವಿದ್ಯಾಲಯವಾಗದು. ಬಾಳನ್ನೇ ಸವೆಯಿಸುವ ಗುರುಗಳೂ ಬೇಕಷ್ಟೆ. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ ಮೊದಲಾದ, ಸಪ್ತರ್ಷಿಗಳೆಂದು ಜನರು ಕೊಂಡಾಡುವ ಮಹನೀಯರು ಆ ಕೊರತೆಯನ್ನು ನೀಗಿದರು.

1916ನೆಯ ನವೆಂಬರ 13ರಂದು ಬೆಳಗಾವಿಯಲ್ಲಿ ಒಂದು ಶಾಲೆಯೊಡನೆ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ಜನ್ಮತಾಳಿತು. 1933ರಲ್ಲಿ ಅದು ಕಾಲೇಜನ್ನು ತೆರೆದು ಲಿಂಗರಾಜರ ಹೆಸರನ್ನಿಟ್ಟಿತು. ಬಳಿಕ 1947ರಲ್ಲಿ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕಾಲೇಜೂ, 1963ರಲ್ಲಿ ಬೆಳಗಾವಿಯಲ್ಲಿ ವೈದ್ಯಕೀಯ ಕಾಲೇಜೂ ತಲೆಯೆತ್ತಿದವು.

ದಾನಿಯು ಈ ಫಲವನ್ನು ಕಣ್ಣಾರೆ ಕಾಣಲಿಲ್ಲ. ಕಾಣಬೇಕೆಂದು ಕೊಟ್ಟವರೂ ಅಲ್ಲ. ಅನ್ನದಾಸೋಹವು ಅಂದಿನ ಹಸಿವನ್ನು ನೀಗುವುದು; ವಿದ್ಯಾದಾಸೋಹವು ತಲೆಮಾರುಗಳನ್ನು ಸಲಹುವುದು. ಉಳ್ಳಾರ್ತಿ ಕಾವಲಿನ ಬಯಲುಸೀಮೆಯ ಸದ್ಭಕ್ತರೂ ಈ ಮೇಲ್ಪಂಕ್ತಿಯನ್ನು ನೆನೆಯತಕ್ಕದ್ದು.