ಸೇವಾವ್ರತದ ಒಂದು ಚರಿತ್ರೆ

ಸೇವೆಯು ಸಿರಿವಂತರ ಸೊತ್ತಲ್ಲ. ಕೈಯಲ್ಲಿ ಕಾಸಿಲ್ಲದವನಿಗೂ ತೋಳಿನಲ್ಲಿ ಬಲವುಂಟು, ಎದೆಯಲ್ಲಿ ಮರುಕವುಂಟು. ದಾಸೋಹವನ್ನು ಕಣ್ಣಾರೆ ಕಂಡ ಸದ್ಭಕ್ತರಿಗೆ ಈ ಮಾತನ್ನು ಹೇಳಬೇಕಾದುದಿಲ್ಲ. ಆದರೆ ಪರರ ಕನಿಕರಕ್ಕೆ ಪಾತ್ರರೆಂದು ಲೋಕವು ಎಣಿಸಿದವರೇ ಪರರಿಗೆ ಆಸರೆಯಾಗಬಲ್ಲರೆಂಬುದಕ್ಕೆ ಹುಬ್ಬಳ್ಳಿಯ ಸ್ವಯಂಸೇವಕರ ಚರಿತ್ರೆಯು ಉತ್ತಮ ನಿದರ್ಶನವಾಗಿದೆ.

ಧಾರವಾಡದಲ್ಲಿ 1889ರಲ್ಲಿ ಜನಿಸಿದ ಡಾಕ್ಟರ ನಾ. ಸು. ಹರ್ಡೀಕರರು ವೈದ್ಯವಿದ್ಯೆಯನ್ನು ಕಲಿತು, ಅಮೇರಿಕೆಗೂ ಹೋಗಿ, 1921ರಲ್ಲಿ ಸ್ವದೇಶಕ್ಕೆ ಮರಳಿದರು. ಹುಬ್ಬಳ್ಳಿಯಲ್ಲಿ ತರುಣರನ್ನು ಕೂಡಿಸಿದರು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಮನೆಯ ಕಷ್ಟಕ್ಕೆ ಬೆದರಿ ಅನೇಕರು ಕ್ಷಮೆ ಬೇಡಿ ಹೊರಬಿದ್ದರು. ಹರ್ಡೀಕರರ ಸಂಗಡಿಗರು ಮಾತ್ರ ಅಳುಕಲಿಲ್ಲ. ಬರಿಯ ಉತ್ಸಾಹವು ಸಾಲದು, ಶಿಸ್ತು ಬೇಕೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು. ಅದೇ ವರ್ಷದ ಡಿಸೆಂಬರದಲ್ಲಿ ಕಾಕಿನಾಡ ಕಾಂಗ್ರೆಸ್ಸಿನ ಸಮಯದಲ್ಲಿ ಹಿಂದೂಸ್ಥಾನಿ ಸೇವಾದಳವು ಜನ್ಮತಾಳಿತು.

ಮರುವರ್ಷವೇ ಅದರ ಪರೀಕ್ಷೆಯೊದಗಿತು. 1924ರ ಡಿಸೆಂಬರ 26, 27ರಂದು ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನವು ನೆರೆಯಿತು. ನಾನಾ ಪ್ರಾಂತಗಳಿಂದ ಬಂದ ಜನಸ್ತೋಮಕ್ಕೆ ವಸತಿ, ನೀರು, ಉಪಚಾರಗಳನ್ನು ಒದಗಿಸುವ ಹೊರೆಯು ಸ್ವಯಂಸೇವಕರ ಹೆಗಲಿಗೆ ಬಿತ್ತು. ಜಾಡಮಾಲಿಯ ಕೆಲಸವನ್ನೂ ಅವರು ಕುಲಗೋತ್ರಗಳೆಣಿಸದೆ ಮಾಡಿದರು.

ಆ ಅಧಿವೇಶನದಲ್ಲಿ ಸ್ತ್ರೀಯರ ಪಡೆಯನ್ನು ಕಟ್ಟಿದವರು ಉಮಾಬಾಯಿ ಕುಂದಾಪುರ ಅವರು. 1892ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಈ ಮಹಿಳೆಗೆ ಎಳೆಯ ಪ್ರಾಯದಲ್ಲಿಯೇ ವೈಧವ್ಯವು ಪ್ರಾಪ್ತವಾಗಿತ್ತು. ಮಾವನವರಾದ ಆನಂದರಾಯರು ಸೊಸೆಯನ್ನು ಮನೆಯ ಮೂಲೆಗೆ ತಳ್ಳದೆ, ಹುಬ್ಬಳ್ಳಿಯ ತಿಲಕ ಕನ್ಯಾಶಾಲೆಯ ಭಾರವನ್ನು ಆಕೆಗೆ ವಹಿಸಿದರು. ಉಮಾಬಾಯಿಯವರು ಊರೂರು ಸಂಚರಿಸಿ ನೂರೈವತ್ತರಷ್ಟು ಸೇವಿಕೆಯರನ್ನು ಕೂಡಿಸಿದರು. ಅವರಲ್ಲಿ ವಿಧವೆಯರೂ ಇದ್ದರು. ಮಂಗಳಕಾರ್ಯಗಳಲ್ಲಿ ಮುಂದೆ ನಿಲ್ಲಬಾರದೆಂದು ಜನರು ದೂರವಿರಿಸಿದ್ದವರು ರಾಷ್ಟ್ರದ ಮಹಾಸಭೆಯಲ್ಲಿ ಅತಿಥಿಗಳ ಯೋಗಕ್ಷೇಮವನ್ನು ನೋಡಿಕೊಂಡರು! ಸಮಾಜದ ಮೂಢಭಾವನೆಗೆ ಇದಕ್ಕಿಂತ ಹಿರಿದಾದ ಉತ್ತರವುಂಟೆ?

ಸೇವೆಯ ಬೆಲೆಯನ್ನೂ ಅವರು ತೆರಬೇಕಾಯಿತು. 1932ರಲ್ಲಿ ಉಮಾಬಾಯಿಯವರು ಯರವಡೆಯ ಸೆರೆಮನೆಯಲ್ಲಿ ನಾಲ್ಕು ತಿಂಗಳು ಕಳೆದರು. ಅವರು ಒಳಗಿದ್ದಾಗಲೇ ಮಾವನವರು ಕಾಲವಶರಾದರು. ಸರಕಾರವು ಮುದ್ರಣಾಲಯವನ್ನೂ ಶಾಲೆಯನ್ನೂ ಮುಟ್ಟುಗೋಲು ಹಾಕಿತು. ಮನೆಗೆ ಬಂದಾಗ ಉಳಿದುದು ಬರಿಯ ಆಶ್ರಯ. ಅದನ್ನೂ ಅವರು ಹಂಚಿದರು. ಬಿಡುಗಡೆಯಾಗಿ ಬಂದ, ಹೋಗಲು ನೆಲೆಯಿಲ್ಲದ ಸಹಸೇವಿಕೆಯರಿಗೆ ಆ ಪುಟ್ಟ ಮನೆಯು ತವರಾಯಿತು. ಅವರನ್ನು ತಮ್ಮ ತಮ್ಮ ಊರುಗಳಿಗೆ ಸುರಕ್ಷಿತವಾಗಿ ಮುಟ್ಟಿಸುವ ಹೊಣೆಯನ್ನು ಉಮಾಬಾಯಿಯವರು ಹೊತ್ತರು.

1934ರ ಜನವರಿ 15ರಂದು ಬಿಹಾರವು ಭೂಕಂಪದಿಂದ ಧ್ವಂಸವಾದಾಗ, ಅವರು ಸ್ವಯಂಸೇವಕರೊಂದಿಗೆ ಅಲ್ಲಿಗೆ ತೆರಳಿ ಹಗಲಿರುಳು ದುಡಿದರು. 1946ರಲ್ಲಿ ಕಸ್ತೂರಬಾ ನಿಧಿಯ ಕರ್ನಾಟಕ ಶಾಖೆಯ ಹೊಣೆಯು ಅವರ ಪಾಲಿಗೆ ಬಂದಿತು. ಹಳ್ಳಿಗಳಲ್ಲಿ ದುಡಿಯುವ ಗ್ರಾಮಸೇವಿಕೆಯರನ್ನು ತಯಾರು ಮಾಡುವುದು ಅವರ ಕಾರ್ಯವಾಯಿತು. 1992ರಲ್ಲಿ ಅವರು ಕೀರ್ತಿಶೇಷರಾದರು.

ದುಃಖವನ್ನುಂಡವರೇ ದುಃಖಿಗಳ ಮೊರೆಯನ್ನು ಬೇಗ ಅರಿಯುವರು. ಆದುದರಿಂದ ದೀನರಿಗೆ ಅನ್ನವನ್ನು ನೀಡಿ ಸುಮ್ಮನಾಗದೆ, ಅವರ ಕೈಗೂ ಒಂದು ಸೇವೆಯನ್ನು ಒಪ್ಪಿಸುವುದು ಸಮಾಜದ ಧರ್ಮವಾಗಿದೆ. ಕೈಗೆ ಕೆಲಸವು ಬಂದಾಗ ಬಾಗಿದ ತಲೆಯು ತಾನಾಗಿಯೇ ಮೇಲೇಳುವುದು.