ಸೀಮೆಎಣ್ಣೆ ಲೆಕ್ಕದಿಂದ ಪೆಟ್ರೋಲ್ ಲೆಕ್ಕದವರೆಗೆ

ಸೋಲಾರ್ ಹಾಕಿಸಿದ್ರೆ ಎಷ್ಟು ವರ್ಷಕ್ಕೆ ಅಸಲು ಹುಟ್ಟುತ್ತೆ ಅಂತ ಈಗ ಸಂತೆಯಲ್ಲೂ ಕೇಳ್ತಾರೆ. ಉತ್ತರ ಹೇಳೋಕೆ ಮುಂಚೆ ಸ್ವಲ್ಪ ಹಿಂದಿನ ಕಥೆ ನೋಡೋಣ ಸ್ನೇಹಿತರೇ. ಈ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರ ಬಂದಿದೆ.

ಬಿಸಿಲಿಂದ ಕರೆಂಟು ಮಾಡುವ ಸಿಲಿಕಾನ್ ಬಿಲ್ಲೆಯನ್ನು ಅಮೆರಿಕದ ಬೆಲ್ ಲ್ಯಾಬ್ಸ್‌ನವರು ತೋರಿಸಿದ್ದು 1954ರಲ್ಲಿ. ಮೊದಲು ಅದು ಹತ್ತಿದ್ದು ಉಪಗ್ರಹ. ಆಕಾಶಕ್ಕೆ ಲೈನ್ ಎಳೆಯೋಕಾಗಲ್ಲ, ಹಾಗಾಗಿ ಬೆಲೆ ಯಾರೂ ಕೇಳಲಿಲ್ಲ. 1977ರ ಸುಮಾರಿಗೂ ಒಂದು ವ್ಯಾಟಿಗೆ 70 ಡಾಲರ್ ಮೇಲೇ ಇತ್ತು. ಈಗ ಒಂದು ಡಾಲರಿಗಿಂತ ಎಷ್ಟೋ ಕಡಿಮೆ. ಇಳಿಸಿದವರು ಯಾರು? ಜರ್ಮನಿ 2000ರಲ್ಲಿ ಕಾನೂನು ಮಾಡಿ, ಸೂರಿನ ಮೇಲಿನ ಕರೆಂಟಿಗೆ 20 ವರ್ಷ ನಿಗದಿ ದರ ಕೊಟ್ಟಿತು. ಅದರ ಹೊರೆ ಅಲ್ಲಿನ ಜನ ತಮ್ಮ ಬಿಲ್ಲಿನಲ್ಲಿ ಕಟ್ಟಿದರು. ಆ ಗಿರಾಕಿ ನಂಬಿ ಚೀನಾದಲ್ಲಿ ಕಾರ್ಖಾನೆಗಳು ಎದ್ದವು.

ನಮ್ಮ ರಾಜ್ಯದಲ್ಲಿ ಹರೀಶ್ ಹಂದೆಯವರ ಸೆಲ್ಕೊ ಶುರುವಾಗಿದ್ದು 1995ರಲ್ಲಿ. ಆಗ ಪ್ಯಾನೆಲ್ ಬಲು ದುಬಾರಿ. ಆದರೂ ಹಳ್ಳಿಯವರು ಕೊಂಡರು. ಯಾಕೆ? ಅವರು ಅದನ್ನು ಕರೆಂಟ್ ಬಿಲ್ಲಿನ ಎದುರು ಇಟ್ಟು ತೂಗಲಿಲ್ಲ, ಲೈನೇ ಬಂದಿರಲಿಲ್ಲ. ಸೀಮೆಎಣ್ಣೆ, ಬುಡ್ಡಿ ದೀಪದ ಹೊಗೆ, ಮಕ್ಕಳ ಓದು ಇದರ ಎದುರು ಇಟ್ಟರು. ಇನ್ನೊಂದು ಗುಟ್ಟು ಕಂತಿನಲ್ಲಿತ್ತು. ಅಡಿಕೆಯವನ ಕೈಗೆ ದುಡ್ಡು ಬರೋದು ಫಸಲಿಗೆ, ಹೂ ಮಾರುವವಳಿಗೆ ದಿನಾ. ಅವರವರ ಸಂಪಾದನೆಗೆ ತಕ್ಕ ಕಂತು ಮಾಡಿದರು. 2003ರಲ್ಲಿ ಕೆನರಾ, ಸಿಂಡಿಕೇಟ್ ಬ್ಯಾಂಕುಗಳು ವಿಶ್ವಸಂಸ್ಥೆಯ ನೆರವಿನಲ್ಲಿ ಕಡಿಮೆ ಬಡ್ಡಿಗೆ ಸೋಲಾರ್ ಸಾಲ ಕೊಟ್ಟವು. ನನ್ನ ಪ್ರಕಾರ ಹಳ್ಳಿಗೆ ಪ್ಯಾನೆಲ್ ತಂದಿದ್ದು ಈ ಕಂತು.

ಕಾರಿನ ಕಥೆಯೂ ಹಂಗೇ. 2001ರಲ್ಲಿ ಬೆಂಗಳೂರಿನ ರೇವಾ ರಸ್ತೆಗಿಳಿಯಿತು. ಚೇತನ್ ಮೈನಿಯವರದು. ಸೀಸದ ಬ್ಯಾಟರಿ, ಮನೆಯ ಪ್ಲಗ್ಗಿಗೆ ಹಾಕಿದರೆ ಚಾರ್ಜು, ತುಂಬಿದರೆ ಸುಮಾರು 80 ಕಿಲೋಮೀಟರ್. ಕೆಲವೇ ವರ್ಷಕ್ಕೆ ಹೊಸ ಬ್ಯಾಟರಿ ಸೆಟ್ ಬೇಕು, ಅಲ್ಲಿ ಉಳಿತಾಯ ಕರಗೋದು. ಆದರೆ ಇದೇ ಕಾರು ಲಂಡನ್ನಿನಲ್ಲಿ ಜಿ-ವಿಜ್ ಅನ್ನೋ ಹೆಸರಲ್ಲಿ ಓಡಿತು. ಪೇಟೆಯೊಳಗೆ ಬರಲು ಬೇರೆ ಕಾರಿನವರು ದಿನಾ ಕಟ್ಟುವ ಶುಲ್ಕ ಅದಕ್ಕಿರಲಿಲ್ಲ. ಕಾರು ಒಂದೇ, ಲೆಕ್ಕ ಬೇರೆ!

2013ರಲ್ಲಿ ನಮ್ಮ ವಿದ್ಯುತ್ ನಿಯಂತ್ರಣ ಆಯೋಗ ಸೂರಿನ ಸೋಲಾರಿಗೆ ಯೂನಿಟ್ಟಿಗೆ 9.56 ರೂಪಾಯಿ ಗೊತ್ತು ಮಾಡಿತು (ಸಬ್ಸಿಡಿ ಪಡೆದವರಿಗೆ 7.20). ಪ್ಯಾನೆಲ್ ದುಬಾರಿ ಇದ್ದರೂ ಕರೆಂಟು ಮಾರಿದರೆ ಗಿಟ್ಟುತ್ತಿತ್ತು, ಕೋಳಿ ಶೆಡ್ಡಿನ ಮೇಲೂ ಪ್ಯಾನೆಲ್ ಬಂದವು. ಆಮೇಲೆ ಪ್ಯಾನೆಲ್ ಬೆಲೆ ಇಳಿಯಿತು, 2016ರಲ್ಲಿ ಹೊಸಬರ ದರವೂ ಇಳಿಯಿತು.

ಈಗ ನೋಡಿ ತಮಾಷೆ. 2024ರಿಂದ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ. ಅದಕ್ಕೆ ಮುಂಚೆಯೇ, 2023ರಲ್ಲಿ, ಗೃಹಜ್ಯೋತಿ ಬಂದು ನಮ್ಮಂಥ ಮನೆಗಳ ಬಿಲ್ಲು ಸೊನ್ನೆ ಆಗಿದೆ. ಪ್ಯಾನೆಲ್ ಹಿಂದೆಂದೂ ಇಲ್ಲದಷ್ಟು ಅಗ್ಗ, ಎದುರಿಗೆ ಇಡೋಕೆ ಬಿಲ್ಲೇ ಇಲ್ಲ. ಬರೀ ದೀಪ, ಫ್ಯಾನಿಗೆ ಅಂತ ಹಾಕಿಸಿದರೆ ಅಸಲು ಹುಟ್ಟೋದು ಕಷ್ಟ.

ಆದ್ದರಿಂದ ಈಗ ಪೆಟ್ರೋಲಿನ ಎದುರು ಇಟ್ಟು ನೋಡಬೇಕು. ನಾನು ಮಾರ್ಕೆಟ್ಟಿಗೆ ಹೋಗಿಬರೋದು 36 ಕಿಲೋಮೀಟರ್, ತಿಂಗಳಿಗೆ 12 ಸಲ. ಬೈಕಿಗೆ 9 ಲೀಟರ್ ಬೇಕು, 900 ರೂಪಾಯಿ ಆಯ್ತು. ಎಲೆಕ್ಟ್ರಿಕ್ ಸ್ಕೂಟರ್ ಒಂದು ಯೂನಿಟ್ಟಿಗೆ 30 ಕಿಲೋಮೀಟರ್ ಓಡಿದರೆ 15 ಯೂನಿಟ್ ಸಾಕು. ಗೃಹಜ್ಯೋತಿಯ ಮಿತಿ ದಾಟಿ ಆರಾರು ರೂಪಾಯಿ ಕಟ್ಟಿದರೂ 90. ಇಷ್ಟಕ್ಕೆ ಪ್ಯಾನೆಲ್ ಬೇಡ, ನನಗೆ ಸ್ಕೂಟರೇ ಮೊದಲು.

ಕಾರಿದ್ದು ದಿನಾ ಓಡಿಸೋರ ಮಾತು ಬೇರೆ. 3 ಕಿಲೋವ್ಯಾಟ್ ಒಳ್ಳೆ ಬಿಸಿಲಿಗೆ ದಿನಕ್ಕೆ 12 ಯೂನಿಟ್ ಕೊಡುತ್ತೆ, ಸಣ್ಣ ಕಾರಿಗೆ 80 ಕಿಲೋಮೀಟರ್ ದಾರಿ. ಬಾಡಿಗೆಗೆ ಓಡಿಸುವ ಪಕ್ಕದ ಮನೆ ತಮ್ಮನಿಗೆ ಇದೇ ಹೇಳಿದ್ದೀನಿ. ಅವರದು ಹೆಂಚಿನ ಮನೆ, ಕೊಟ್ಟಿಗೆ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಬೇಕು. ವೆಲ್ಡಿಂಗ್‌ನವರು ರೇಟು ಹೇಳಿದ ಮೇಲೆ ಆ ಲೆಕ್ಕವನ್ನೂ ಇಲ್ಲೇ ಹಾಕ್ತೀನಿ.